ಕೆಲಸ ಮುಂದೆ, ಮನಸ್ಸು ಹಿಂದೆ: ಕಷ್ಟದ ದಿನಗಳಲ್ಲಿ ಭರವಸೆ ಹುಟ್ಟುವ ಬಗೆ

ಮನೆಯಲ್ಲಿ ಸಾವಾದಾಗ, ಇದ್ದ ಕೆಲಸ ಹೋದಾಗ, ಸತತ ಎರಡು ವರ್ಷ ಮಳೆ ಕೈಕೊಟ್ಟಾಗ ಮಾತಾಡಿಸಲು ಬಂದವರೆಲ್ಲ ಹೆಚ್ಚುಕಡಿಮೆ ಒಂದೇ ಮಾತು ಹೇಳಿ ಹೋಗುತ್ತಾರೆ: "ಮನಸ್ಸು ಗಟ್ಟಿ ಮಾಡ್ಕೊ. ಧೈರ್ಯ ತಗೊ." ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಆದರೆ ಕೇಳಿಸಿಕೊಂಡವರಿಗೆ ಅದರಿಂದ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಧೈರ್ಯ ಎಲ್ಲಿಂದ ತಗೊಳ್ಳುವುದು? ಮನಸ್ಸನ್ನು ಗಟ್ಟಿ ಮಾಡುವುದಕ್ಕೂ ಮನಸ್ಸೇ ಬೇಕಲ್ಲ, ಅದೇ ಈಗ ಕೈಗೆ ಸಿಗುತ್ತಿಲ್ಲವಲ್ಲ?

ಈ ಸಮಾಧಾನದ ಹಿಂದೆ ನಾವ್ಯಾರೂ ಪ್ರಶ್ನಿಸದ ಒಂದು ನಂಬಿಕೆ ಕೂತಿದೆ. ಮೊದಲು ಮನಸ್ಸು ಸರಿಯಾಗಬೇಕು, ಆಮೇಲೆ ಮನುಷ್ಯ ಎದ್ದು ಓಡಾಡುತ್ತಾನೆ, ಊಟ ಮಾಡುತ್ತಾನೆ, ನಾಲ್ಕು ಜನರ ಜೊತೆ ಬೆರೆಯುತ್ತಾನೆ ಎಂಬ ನಂಬಿಕೆ. ಖಿನ್ನತೆಯ ಬಗ್ಗೆ ಕಳೆದ ಐವತ್ತು ವರ್ಷಗಳಲ್ಲಿ ನಡೆದ ಅಧ್ಯಯನಗಳ ಪೈಕಿ ನನಗೆ ಎಲ್ಲಕ್ಕಿಂತ ಉಪಯುಕ್ತ ಅನಿಸಿರುವುದು ಈ ಕ್ರಮವನ್ನೇ ತಿರುಗಿಸಿ ಹಾಕಿದ ಸಾಲು. ಎದ್ದು ಓಡಾಡುವುದು ಮೊದಲು, ಮನಸ್ಸು ಸರಿಯಾಗುವುದು ಆಮೇಲೆ. ಕೇಳಲು ತೀರಾ ಸರಳ, ಸ್ವಲ್ಪ ಒರಟು ಕೂಡ. ಹಾಗಾಗಿ ಇದು ಎಲ್ಲಿಂದ ಬಂತು, ಎಲ್ಲಿ ಕೆಲಸ ಮಾಡುತ್ತದೆ, ಎಲ್ಲಿ ಮಾಡುವುದಿಲ್ಲ ಎಂದು ಸ್ವಲ್ಪ ನಿಧಾನವಾಗಿ ನೋಡಬೇಕು.

ಬಿಟ್ಟಷ್ಟೂ ಬಿಡುತ್ತಾ ಹೋಗುವುದು

1970ರ ದಶಕದಲ್ಲಿ ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಪೀಟರ್ ಲೆವಿನ್ಸನ್ ಖಿನ್ನತೆಯನ್ನು ಒಂದು ವಿಷವರ್ತುಲವಾಗಿ ವಿವರಿಸಿದರು. ಬದುಕಿನಲ್ಲಿ ಪೆಟ್ಟು ಬಿದ್ದಾಗ ಮನುಷ್ಯ ಮೊದಲು ಕೈಬಿಡುವುದು ಸಣ್ಣಪುಟ್ಟ ಸಂಗತಿಗಳನ್ನು. ಸಂಜೆ ಕಟ್ಟೆಗೆ ಹೋಗಿ ಕೂರುವುದು, ಸ್ವಸಹಾಯ ಸಂಘದ ವಾರದ ಮೀಟಿಂಗು, ಅಂಗಳದ ಹೂಗಿಡಕ್ಕೆ ನೀರು ಹಾಕುವುದು, ತಂಗಿಗೆ ರಾತ್ರಿ ಫೋನ್ ಮಾಡುವುದು. ಇವೆಲ್ಲ ಅನಾವಶ್ಯಕ ಎಂದು ಅನಿಸುತ್ತವೆ, ನಿಜ. ಆದರೆ ದಿನಕ್ಕೆ ಒಂದಿಷ್ಟು ಹಿತ, ಒಂದಿಷ್ಟು 'ನನ್ನಿಂದ ಏನೋ ಆಯಿತು' ಅನ್ನುವ ತೃಪ್ತಿ ಬರುತ್ತಿದ್ದದ್ದು ಇವುಗಳಿಂದಲೇ. ಅವು ನಿಂತ ಮೇಲೆ ಬೇಸರ ಹೆಚ್ಚುತ್ತದೆ. ಬೇಸರ ಹೆಚ್ಚಿದ್ದಕ್ಕೆ ಇನ್ನೂ ನಾಲ್ಕು ಕೆಲಸ ಬಿಡುತ್ತೇವೆ. ಕೊನೆಗೆ ಹಾಸಿಗೆ, ಮೊಬೈಲು, ಗೋಡೆ ಇಷ್ಟೇ ಉಳಿಯುತ್ತವೆ.

ಹೊರಗಿನವರಿಗೆ ಇದು ಸೋಮಾರಿತನದಂತೆ ಕಾಣುತ್ತದೆ. ಒಳಗಿರುವವರಿಗೆ ಅದು ಸುಸ್ತು. ನಮ್ಮ ಕಡೆ ಈ ಸ್ಥಿತಿಯಲ್ಲಿ ಆಸ್ಪತ್ರೆಗೆ ಹೋದವರು 'ನನಗೆ ಖಿನ್ನತೆ' ಎಂದು ಹೇಳುವುದು ಅಪರೂಪ. ಕೈಕಾಲು ಸೋತಂತಾಗುತ್ತದೆ, ನಿದ್ದೆ ಇಲ್ಲ, ಹೊಟ್ಟೆ ಸರಿಯಿಲ್ಲ, ಎದೆ ಹಿಂಡಿದಂತಾಗುತ್ತದೆ ಎನ್ನುತ್ತಾರೆ. ಹೆಚ್ಚೆಂದರೆ 'ಟೆನ್ಶನ್ನು' ಎನ್ನುತ್ತಾರೆ. ಶಕ್ತಿಗೊಂದು ಇಂಜೆಕ್ಷನ್, ಒಂದಿಷ್ಟು ವಿಟಮಿನ್ ಮಾತ್ರೆ ತೆಗೆದುಕೊಂಡು ವಾಪಸ್ ಬರುತ್ತಾರೆ.

1996ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ನೀಲ್ ಜೇಕಬ್ಸನ್ ಮತ್ತು ಜೊತೆಗಾರರು ಒಂದು ಕುತೂಹಲದ ಕೆಲಸ ಮಾಡಿದರು. ಖಿನ್ನತೆಗೆ ಆಗ ಹೆಸರಾಗಿದ್ದ ಆಪ್ತಚಿಕಿತ್ಸೆಯಲ್ಲಿ, ಅಂದರೆ ಮಾತುಕತೆಯ ಮೂಲಕ ಕೊಡುವ ಚಿಕಿತ್ಸೆಯಲ್ಲಿ, ಎರಡು ಭಾಗಗಳಿದ್ದವು: ದಿನಚರಿಯನ್ನು ಮತ್ತೆ ಕಟ್ಟಿಕೊಳ್ಳುವುದು ಒಂದು, ತಪ್ಪು ಯೋಚನೆಗಳನ್ನು ಗುರುತಿಸಿ ತಿದ್ದಿಕೊಳ್ಳುವುದು ಇನ್ನೊಂದು. ಅವರು ಮೊದಲನೆಯದನ್ನಷ್ಟೇ ಬಿಡಿಸಿ ಕೊಟ್ಟು ನೋಡಿದರು. ಫಲಿತಾಂಶ ಪೂರ್ತಿ ಚಿಕಿತ್ಸೆಗೆ ಸಮನಾಗಿ ಬಂತು. ಇಪ್ಪತ್ತು ವರ್ಷಗಳ ನಂತರ, 2016ರಲ್ಲಿ, ಇಂಗ್ಲೆಂಡಿನಲ್ಲಿ 440 ಜನರ ಮೇಲೆ ನಡೆದ ಅಧ್ಯಯನವೂ ಅದನ್ನೇ ತೋರಿಸಿತು. ಅಲ್ಲಿ ದಿನಚರಿಯ ಚಿಕಿತ್ಸೆ ಕೊಟ್ಟವರು ನುರಿತ ಚಿಕಿತ್ಸಕರಲ್ಲ, ಕೆಳಹಂತದ ಸಿಬ್ಬಂದಿ. ಆದರೂ ಫಲಿತಾಂಶ ನುರಿತವರು ಕೊಟ್ಟ, ಯೋಚನೆ ತಿದ್ದುವ ಚಿಕಿತ್ಸೆಗಿಂತ ಕಡಿಮೆಯಾಗಲಿಲ್ಲ.

ಮನಸ್ಸಿನ ಕಾಯಿಲೆ ಅಂದರೆ ಮನಸ್ಸಿನೊಳಗೇ ಇಳಿದು ರಿಪೇರಿ ಮಾಡಬೇಕು ಎಂದುಕೊಂಡಿದ್ದವರಿಗೆ ಇದು ಅಷ್ಟು ರುಚಿಸಿದ ಸುದ್ದಿಯಲ್ಲ.

ಗೋವಾದ ಆರೋಗ್ಯ ಕೇಂದ್ರಗಳಲ್ಲಿ

'ಅಮೆರಿಕ, ಇಂಗ್ಲೆಂಡಿನ ಮಾತು ನಮಗೆ ಹೇಗೆ ಅನ್ವಯಿಸುತ್ತದೆ' ಎಂದು ಕೇಳುವುದು ನ್ಯಾಯವೇ. ಉತ್ತರ ಪಕ್ಕದ ರಾಜ್ಯದಲ್ಲೇ ಇದೆ. ಗೋವಾದ ಸಂಗಾತ್ ಎಂಬ ಸಂಸ್ಥೆ, ಮನೋವೈದ್ಯ ವಿಕ್ರಮ್ ಪಟೇಲ್ ಅವರ ನೇತೃತ್ವದಲ್ಲಿ, ಅಲ್ಲಿನ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇದನ್ನು ಪರೀಕ್ಷಿಸಿತು. ಜ್ವರ, ಮೈಕೈ ನೋವು, ಬಿಪಿ ಎಂದು ಬಂದವರಲ್ಲಿ ತೀವ್ರ ಖಿನ್ನತೆ ಇದ್ದ ಸುಮಾರು 500 ಜನರನ್ನು ಆರಿಸಿಕೊಂಡರು. ಅರ್ಧ ಜನಕ್ಕೆ ಮಾಮೂಲಿ ಚಿಕಿತ್ಸೆಯನ್ನೇ ಸ್ವಲ್ಪ ಸುಧಾರಿಸಿ ಕೊಟ್ಟರು. ಉಳಿದರ್ಧಕ್ಕೆ ಅದರ ಜೊತೆಗೆ ಆರರಿಂದ ಎಂಟು ಸಲ ಒಬ್ಬ ಆಪ್ತ ಸಲಹೆಗಾರರ ಭೇಟಿ.

ಈ ಸಲಹೆಗಾರರು ವೈದ್ಯರಲ್ಲ, ಮನಶ್ಶಾಸ್ತ್ರ ಓದಿದವರೂ ಅಲ್ಲ. ಆಯಾ ಊರುಕಡೆಯವರನ್ನೇ ಹುಡುಕಿ ತರಬೇತಿ ಕೊಟ್ಟಿದ್ದರು. ಕೂತು ಮಾತಾಡುವುದು ಆರೋಗ್ಯ ಕೇಂದ್ರದಲ್ಲಿ, ಬರಲಾಗದವರಿಗೆ ಅವರ ಮನೆಯಲ್ಲೇ. ಬಾಲ್ಯದ ಗಾಯಗಳನ್ನು ಕೆದಕುವ ಕೆಲಸ ಅಲ್ಲಿರಲಿಲ್ಲ. ನಿನ್ನೆ ಯಾವ ಹೊತ್ತಿಗೆ ಏನು ಮಾಡಿದಿರಿ, ಆಗ ಹೇಗನಿಸಿತು? ಮುಂಚೆ ಏನು ಇಷ್ಟವಾಗುತ್ತಿತ್ತು? ಅದರಲ್ಲಿ ಈ ವಾರ ಒಂದನ್ನು ಮಾಡಲು ಆಗುತ್ತದಾ? ಅದಕ್ಕೆ ಅಡ್ಡ ಬರುವುದು ಏನು, ಅದನ್ನು ಹೇಗೆ ನಿಭಾಯಿಸೋಣ? ಹೆಚ್ಚುಕಡಿಮೆ ಈ ದಾರಿಯಲ್ಲೇ ಮಾತು ಸಾಗುತ್ತಿತ್ತು.

ಮೂರು ತಿಂಗಳ ನಂತರ, ಮಾಮೂಲಿ ಚಿಕಿತ್ಸೆಯವರಲ್ಲಿ ನೂರಕ್ಕೆ 39 ಜನ ಖಿನ್ನತೆಯಿಂದ ಹೊರಬಂದಿದ್ದರು. ಸಲಹೆಗಾರರ ಜೊತೆ ಕೂತವರಲ್ಲಿ 64 ಜನ. ಇದು 2017ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದು ವರ್ಷದ ಮೇಲೂ ಗುಣ ಉಳಿದಿತ್ತು ಎಂದು ನಂತರದ ವರದಿ ಹೇಳಿತು. ಅದರಲ್ಲಿ ಇನ್ನೊಂದು ಸೂಕ್ಷ್ಮವೂ ಇತ್ತು. ಜನ ಎಷ್ಟರಮಟ್ಟಿಗೆ ಮತ್ತೆ ಚಟುವಟಿಕೆಗೆ ಇಳಿದಿದ್ದರೋ ಅದರ ಮೂಲಕವೇ ಈ ಗುಣದ ಒಂದು ಭಾಗ ಬಂದಿತ್ತು. ಅಂದರೆ ಯಾರೋ ಅಕ್ಕರೆಯಿಂದ ಮಾತಾಡಿಸಿದ್ದರ ಸುಖವಷ್ಟೇ ಅಲ್ಲ, ಮಾಡಿದ್ದೂ ಲೆಕ್ಕಕ್ಕೆ ಬಂದಿತ್ತು.

ಹಳೆಯ ಕೈಪಂಪು ಬಳಸಿದವರಿಗೆ ಗೊತ್ತು, ಒಣಗಿದ ಪಂಪಿಗೆ ಮೊದಲು ಮೇಲಿಂದ ಒಂದು ಚೊಂಬು ನೀರು ಹೊಯ್ಯಬೇಕು, ಆಗ ಕೆಳಗಿನ ನೀರು ಹತ್ತಿಕೊಳ್ಳುತ್ತದೆ. ಮೊದಲ ಚೊಂಬು ಹೊಯ್ಯುವಾಗ ದಂಡ ಅನಿಸುತ್ತದೆ. ಖಿನ್ನತೆಯಲ್ಲಿರುವವರ ಮೊದಲ ನಡಿಗೆ, ಮೊದಲ ಫೋನು, ಮೊದಲ ಸ್ನಾನವೂ ಹಾಗೇ. ಖುಷಿ ಕೊಡುವುದಿಲ್ಲ. 'ಮಾಡಿ ನೋಡಿದೆ, ಏನೂ ಅನಿಸಲಿಲ್ಲ' ಎಂದು ಜನ ನಿಲ್ಲಿಸಿಬಿಡುವುದು ಇಲ್ಲೇ. ಏನೂ ಅನಿಸದಿದ್ದರೂ ಎರಡು ಮೂರು ವಾರ ಮಾಡುತ್ತಾ ಹೋಗಬೇಕು ಎನ್ನುವುದೇ ಈ ಚಿಕಿತ್ಸೆಯ ಕಷ್ಟದ ಭಾಗ. ಜೊತೆಗೊಬ್ಬ ಸಲಹೆಗಾರರು ಬೇಕಾಗುವುದೂ ಇದಕ್ಕೇ.

ಕೊಟ್ಟಿಗೆ ಖಾಲಿಯಾದ ಮನೆ

ಮಲೆನಾಡಿನಲ್ಲಿರುವ ನಮ್ಮ ದೊಡ್ಡಮ್ಮನ ವಿಷಯ ಇಲ್ಲಿ ಹೇಳಬೇಕು. ದೊಡ್ಡಪ್ಪ ಹೋಗಿದ್ದು ಆಷಾಢದ ಸುರಿಮಳೆಯಲ್ಲಿ. ಹದಿಮೂರು ದಿನ ಮನೆ ತುಂಬಾ ಜನ. ಎಲ್ಲರೂ ಹೊರಡುವ ಹೊತ್ತಿಗೆ ಬಂಧುಗಳೆಲ್ಲ ಸೇರಿ ಒಂದು ಪ್ರೀತಿಯ ತೀರ್ಮಾನ ತೆಗೆದುಕೊಂಡರು: 'ಪಾಪ, ಒಬ್ಬರೇ ಇರ್ತಾರೆ, ಈ ಮಳೇಲಿ ಕೊಟ್ಟಿಗೆ ಕೆಲಸ ಯಾಕೆ?' ಇದ್ದ ಎರಡು ದನಗಳನ್ನು ಪಕ್ಕದ ಮನೆಯ ಹುಡುಗ ಹೊಡೆದುಕೊಂಡು ಹೋದ. ಅಡುಗೆಗೂ ಒಬ್ಬರನ್ನು ಗೊತ್ತು ಮಾಡಿದರು. ತೋಟ ನೋಡಿಕೊಳ್ಳಲು ಅಳಿಯ ಇದ್ದೇ ಇದ್ದ. ದೊಡ್ಡಮ್ಮನ ಕೈಗೆ ಏನೂ ಉಳಿಯಲಿಲ್ಲ.

ಬೆಳಗಿನ ಐದು ಗಂಟೆಗೆ ಏಳುತ್ತಿದ್ದವರು ಎಂಟಾದರೂ ಏಳದಾದರು. ಅದನ್ನು ನೋಡಿದವರು 'ಮಲಗಲಿ ಬಿಡಿ, ದಣಿದಿದ್ದಾರೆ' ಎಂದರು. ಆಮೇಲೆ ತಿಂಡಿ ಬಿಟ್ಟರು. ಮಧ್ಯಾಹ್ನ ಮಲಗಿ, ರಾತ್ರಿ ನಿದ್ದೆ ಬಾರದೆ ಜಗಲಿಯಲ್ಲಿ ಕೂರುತ್ತಿದ್ದರು. ಮಾತಾಡಿಸಿದರೆ ಉತ್ತರ ಹ್ಞೂಂ, ಉಹ್ಞೂಂ ಅಷ್ಟೇ.

ಇದನ್ನು ಬದಲಿಸಿದ್ದು ನಮ್ಮಲ್ಲಿ ಯಾರ ಜಾಣತನವೂ ಅಲ್ಲ. ಪಕ್ಕದ ಮನೆ ಹುಡುಗ ಒಂದು ಬೆಳಗ್ಗೆ ಬಂದು ಅಂಗಳದಲ್ಲಿ ನಿಂತ. "ಅಮ್ಮಾ, ಗೌರಿ ನನ್ ಕೈಗೆ ಹಾಲೇ ಬಿಡ್ತಿಲ್ಲ. ಒದೀತಾಳೆ. ನೀವೇ ಒಂದ್ಸಲ ಬಂದು ಕರ್ಕೊಡಿ." ದೊಡ್ಡಮ್ಮ ಬೈದುಕೊಂಡೇ ಎದ್ದರು. "ಮೊದ್ಲು ಕೆಚ್ಚಲಿಗೆ ಬಿಸಿನೀರು ಹಾಕಿದ್ಯೇನೋ? ಹಾಗೇ ಕೈ ಹಾಕಿದ್ರೆ ಅವಳು ಒದೀದೆ ಇನ್ನೇನ್ ಮಾಡ್ತಾಳೆ!" ಮರುದಿನವೂ ಹೋದರು. ಸ್ವಲ್ಪ ದಿನಕ್ಕೆ ಗೌರಿ ಇವರ ಕೊಟ್ಟಿಗೆಗೇ ವಾಪಸ್ ಬಂದಳು. ದೊಡ್ಡಮ್ಮನ ದುಃಖ ಕಡಿಮೆಯಾಯಿತು ಎಂದು ನಾನು ಹೇಳಲಾರೆ. ಐದು ಗಂಟೆ ವಾಪಸ್ ಬಂತು. ಅದರ ಹಿಂದೆಯೇ ತಿಂಡಿ, ಡೈರಿಗೆ ಹಾಲು ಕೊಡುವಾಗ ನಾಲ್ಕು ಮಾತು, ರಾತ್ರಿಯ ನಿದ್ದೆ ಒಂದೊಂದೇ ಬಂದವು.

ದನಕ್ಕೆ ನಮ್ಮ ಮನಸ್ಸು ಹೇಗಿದೆ ಎಂಬುದು ಬೇಕಿಲ್ಲ, ಹೊತ್ತಿಗೆ ಸರಿಯಾಗಿ ಕರೆಯಬೇಕು ಅಷ್ಟೇ. ದುಃಖದಲ್ಲಿರುವವರ ಕೈಯಿಂದ ಎಲ್ಲ ಕೆಲಸ ಕಿತ್ತುಕೊಳ್ಳುವ ಪ್ರೀತಿ ನಮ್ಮಲ್ಲಿ ಬಹಳ. ಮೊದಲ ಕೆಲವು ದಿನ ಅದು ಬೇಕು, ನಿಜವಾಗಿ ಬೇಕು. ಆಮೇಲೂ ಮುಂದುವರಿದರೆ ಅವರಿಗೆ ಏಳಲು ಕಾರಣವೇ ಇಲ್ಲದಂತೆ ಮಾಡಿಬಿಡುತ್ತೇವೆ.

ಹಾಗೆಂದು ಕೆಲಸ ಎಂದರೆಲ್ಲ ಒಂದೇ ಅಲ್ಲ. ಬೆಳಗಿಂದ ರಾತ್ರಿವರೆಗೆ ದುಡಿಯುತ್ತಲೇ ಇರುವ, ಜೊತೆಗೆ ಹಾಸಿಗೆ ಹಿಡಿದ ಮಾವನನ್ನೋ ಡಯಾಲಿಸಿಸ್‌ನ ಗಂಡನನ್ನೋ ನೋಡಿಕೊಳ್ಳುವ ಹೆಣ್ಣುಮಗಳಿಗೆ 'ಚಟುವಟಿಕೆಯಿಂದಿರು' ಎಂದು ಹೇಳುವುದು ಕ್ರೌರ್ಯ. ಡಯಾಲಿಸಿಸ್ ಅಂದರೆ ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ಗಂಟೆ, ಹೋಗಿಬರುವ ದಾರಿ ಬೇರೆ. ಆಕೆಗೆ ಬೇಕಿರುವುದು ಕೆಲಸವಲ್ಲ, ಕೆಲಸದ ನಡುವೆ ಯಾರ ಹಂಗೂ ಇಲ್ಲದ ಅರ್ಧ ಗಂಟೆ. ಆ ಹೊತ್ತಿಗೆ ರೋಗಿಯ ಪಕ್ಕ ಬೇರೊಬ್ಬರು ಕೂತರೆ ಅದು ಸಾವಿರ ಸಮಾಧಾನದ ಮಾತಿಗಿಂತ ಹೆಚ್ಚು. ಆ ಅರ್ಧ ಗಂಟೆಯಲ್ಲಿ ಅವಳು ಗುಡಿಗೆ ಹೋಗಬಹುದು, ಧಾರಾವಾಹಿ ನೋಡಬಹುದು, ಸುಮ್ಮನೆ ಬಾಗಿಲಲ್ಲಿ ನಿಲ್ಲಬಹುದು. ಏನು ಎಂದು ನಿರ್ಧರಿಸುವುದು ಅವಳು.

ಅತ್ತು ಮುಗಿಸಿದ ಮೇಲೆ ಪೌತಿ ಖಾತೆ

ಸ್ಥಿಮಿತ ಅಂದರೆ ಅಲುಗಾಡದೆ ಇರುವುದು ಎಂದು ನಾವು ತಿಳಿದಿರುತ್ತೇವೆ. ಅಳದವರನ್ನು 'ಎಷ್ಟು ಗಟ್ಟಿ ನೋಡು' ಎನ್ನುತ್ತೇವೆ. ಮೂರನೇ ತಿಂಗಳಲ್ಲಿ ಮತ್ತೆ ಅತ್ತವರನ್ನು 'ಇನ್ನೂ ಹೊರಗೆ ಬಂದಿಲ್ಲ' ಎನ್ನುತ್ತೇವೆ. ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದ ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶೂಟ್ 1999ರಲ್ಲಿ ಇದಕ್ಕಿಂತ ಭಿನ್ನವಾದ ಚಿತ್ರ ಕೊಟ್ಟರು. ಸಾವಿನ ನಂತರ ಮನುಷ್ಯನಿಗೆ ಎರಡು ಬಗೆಯ ಕೆಲಸ ಇರುತ್ತದೆ ಎಂದರು. ಹೋದವರನ್ನು ನೆನೆದು ದುಃಖಿಸುವುದು ಒಂದು, ಅವರಿಲ್ಲದ ಬದುಕನ್ನು ಹೊಂದಿಸಿಕೊಳ್ಳುವುದು ಇನ್ನೊಂದು. ಆರೋಗ್ಯವಾಗಿ ದುಃಖಿಸುವವರು ಈ ಎರಡರ ನಡುವೆ ಹೋಗುತ್ತಾ ಬರುತ್ತಾ ಇರುತ್ತಾರೆ. ಬೆಳಗ್ಗೆ ಅತ್ತು, ಮಧ್ಯಾಹ್ನ ಬ್ಯಾಂಕಿಗೆ ಹೋಗಿ, ಸಂಜೆ ಮೊಮ್ಮಗನ ಮಾತಿಗೆ ನಕ್ಕು, ರಾತ್ರಿ ಮತ್ತೆ ಅಳುವುದು ಚಂಚಲತೆಯಲ್ಲ. ಒಂದೇ ಕಡೆ ಸಿಕ್ಕಿಹಾಕಿಕೊಂಡರೆ ತೊಂದರೆ: ಸದಾ ಅಳುವುದು, ಅಥವಾ ಒಮ್ಮೆಯೂ ಅಳದೆ ಓಡುತ್ತಲೇ ಇರುವುದು.

ನಮ್ಮ ಊರುಗಳಲ್ಲಿ ಎರಡನೇ ಬಗೆಯ ಕೆಲಸ ಬಲು ಸ್ಪಷ್ಟವಾಗಿ, ಸರ್ಕಾರಿ ಮುದ್ರೆ ಸಮೇತ ಬರುತ್ತದೆ. 21 ದಿನದೊಳಗೆ ಮರಣ ನೋಂದಣಿ ಮಾಡಿಸಬೇಕು. ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಹಾಕಬೇಕು. ಜಮೀನಿದ್ದರೆ ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ. ಪಿಂಚಣಿ ಇದ್ದವರಾದರೆ ಕುಟುಂಬ ಪಿಂಚಣಿಗೆ ಜೆರಾಕ್ಸ್‌ಗಳ ಒಂದು ಕಟ್ಟು. ಇದನ್ನೆಲ್ಲ ಮಗನೋ ಮೈದುನನೋ ಓಡಾಡಿ ಮಾಡಿಬಿಡುತ್ತಾರೆ, ಹೆಂಡತಿಯಾದವಳು ತೋರಿಸಿದ ಕಡೆ ಸಹಿ ಹಾಕುತ್ತಾಳೆ. ನನ್ನ ಅಭಿಪ್ರಾಯದಲ್ಲಿ ಒಂದೆರಡು ಸಲವಾದರೂ ಆಕೆಯನ್ನು ಜೊತೆಗೆ ಕರೆದುಕೊಂಡು ಹೋಗಬೇಕು. ಕಚೇರಿಯ ಬೆಂಚಿನ ಮೇಲೆ ಕಾಯುವುದರಲ್ಲಿ ಸುಖವೇನೂ ಇಲ್ಲ. ಆದರೆ ಪಾಸ್‌ಬುಕ್‌ನಲ್ಲಿ ಎಷ್ಟಿದೆ, ಪಹಣಿಯಲ್ಲಿ ಯಾರ ಹೆಸರಿದೆ ಎಂದು ಗೊತ್ತಾದ ಹೆಂಗಸಿನ ಭಯ ಒಂದು ತೂಕ ಇಳಿಯುತ್ತದೆ. ಆಸ್ತಿಯ ವಿಷಯದಲ್ಲಿ ಆಕೆಗೆ ಮೋಸವಾಗುವುದೂ ತಪ್ಪುತ್ತದೆ, ಅದು ಬೇರೆಯೇ ಲೇಖನದ ವಿಷಯ.

ಕೊರಗುವುದು ಯೋಚಿಸುವುದಲ್ಲ

ಕೈ ಖಾಲಿ ಇದ್ದಾಗ ತಲೆ ಏನು ಮಾಡುತ್ತದೆ ಎನ್ನುವುದಕ್ಕೆ ಒಂದು ಅಪರೂಪದ ಸಾಕ್ಷ್ಯವಿದೆ. ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿ ಸೂಸನ್ ನೋಲೆನ್-ಹೊಯೆಕ್ಸೆಮಾ ಎಂಬ ಮನಶ್ಶಾಸ್ತ್ರಜ್ಞೆ ವಿದ್ಯಾರ್ಥಿಗಳಿಂದ ಒಂದು ಪ್ರಶ್ನಾವಳಿ ತುಂಬಿಸಿದ್ದರು. ಬೇಸರವಾದಾಗ ನೀವು ಏನು ಮಾಡುತ್ತೀರಿ ಎಂಬ ಬಗ್ಗೆ. ಅದಾಗಿ 14 ದಿನಕ್ಕೆ, 1989ರ ಅಕ್ಟೋಬರ್ 17ರಂದು, ಅದೇ ಪ್ರದೇಶದಲ್ಲಿ 6.9 ತೀವ್ರತೆಯ ಭೂಕಂಪ ಆಯಿತು. 63 ಜನ ಸತ್ತರು. ಆಕೆ 10 ದಿನದ ನಂತರ ಮತ್ತು 7 ವಾರದ ನಂತರ ಅದೇ ವಿದ್ಯಾರ್ಥಿಗಳನ್ನು ಮತ್ತೆ ಪರೀಕ್ಷಿಸಿದರು. ಬೇಸರ ಬಂದಾಗ ಅದನ್ನೇ ಹಿಡಿದು 'ನನಗೇ ಯಾಕೆ ಹೀಗೆ, ನಾನ್ಯಾಕೆ ಹೀಗಿದ್ದೇನೆ' ಎಂದು ಕೊರಗುವ ಅಭ್ಯಾಸ ಮೊದಲೇ ಇದ್ದವರಲ್ಲಿ ಖಿನ್ನತೆಯ ಲಕ್ಷಣ ಹೆಚ್ಚಿತ್ತು. ಭೂಕಂಪಕ್ಕೆ ಮೊದಲು ಅವರ ಮನಸ್ಸು ಹೇಗಿತ್ತು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ವ್ಯತ್ಯಾಸ ಉಳಿಯಿತು.

ಕೊರಗುವವರಿಗೆ ತಾವು ಸಮಸ್ಯೆಯನ್ನು ಬಿಡಿಸುತ್ತಿದ್ದೇವೆ ಎಂದೇ ಅನಿಸುತ್ತಿರುತ್ತದೆ. ಪರೀಕ್ಷಿಸಿ ನೋಡಲು ಒಂದು ದಾರಿ: ಅರ್ಧ ಗಂಟೆ ಯೋಚಿಸಿದ ಮೇಲೆ ನಾಳೆ ಮಾಡಬಹುದಾದ ಒಂದು ಕೆಲಸ ಹೊಳೆದಿದೆಯಾ? ಹೊಳೆದಿದ್ದರೆ ಅದು ಯೋಚನೆ. ಇಲ್ಲವಾದರೆ ಎದ್ದು ಪಾತ್ರೆ ತೊಳೆಯುವುದು ಮೇಲು. 'ಯಾಕೆ ಹೀಗಾಯ್ತು' ಎಂಬ ಪ್ರಶ್ನೆಗೆ ರಾತ್ರಿ ಎರಡು ಗಂಟೆಗೆ ಸಿಗುವ ಉತ್ತರ ಯಾವುದೂ ಬೆಳಗ್ಗೆಯವರೆಗೆ ನಿಲ್ಲುವುದಿಲ್ಲ.

ಭರವಸೆಗೆ ದಾರಿ ಬೇಕು

ಭರವಸೆ ಬಗ್ಗೆ ನೇರವಾಗಿ ಕೆಲಸ ಮಾಡಿದವರಲ್ಲಿ ಕಾನ್ಸಾಸ್ ವಿಶ್ವವಿದ್ಯಾಲಯದ ಸಿ.ಆರ್. ಸ್ನೈಡರ್ ಪ್ರಮುಖರು. 1991ರಲ್ಲಿ ಅವರು ಭರವಸೆಯನ್ನು ಅಳೆಯುವ ಒಂದು ಮಾಪನವನ್ನೇ ಮುಂದಿಟ್ಟರು. ಅವರ ಪ್ರಕಾರ ಭರವಸೆ ಇರುವವರಲ್ಲಿ ಮೂರು ಸಂಗತಿ ಸೇರಿರುತ್ತವೆ: ತಲುಪಬೇಕಾದ ಒಂದು ಜಾಗ, ಅಲ್ಲಿಗೆ ಹೋಗಲು ಒಂದಕ್ಕಿಂತ ಹೆಚ್ಚು ದಾರಿ, ನಾನು ನಡೆಯಬಲ್ಲೆ ಎಂಬ ನಂಬಿಕೆ. ನಮ್ಮ ಸಮಾಧಾನದ ಮಾತುಗಳೆಲ್ಲ ಮೂರನೆಯದನ್ನಷ್ಟೇ ಹಿಡಿದುಕೊಂಡಿವೆ: 'ನಿನ್ನಿಂದ ಆಗುತ್ತೆ.' ದಾರಿಯ ಬಗ್ಗೆ ಯಾರೂ ಮಾತಾಡುವುದಿಲ್ಲ. ಕೆಲಸ ಹೋದವನಿಗೆ 'ಇದಕ್ಕಿಂತ ಒಳ್ಳೆ ಕೆಲಸ ಸಿಗುತ್ತೆ' ಎನ್ನುವುದಕ್ಕಿಂತ 'ನನ್ನ ಸ್ನೇಹಿತನ ಅಂಗಡಿಯಲ್ಲಿ ಲೆಕ್ಕ ಬರೆಯಲು ಜನ ಬೇಕಂತೆ, ಗುರುವಾರ ಹೋಗಿ ನೋಡ್ತೀಯಾ' ಎನ್ನುವುದರಲ್ಲಿ ಭರವಸೆ ಹೆಚ್ಚಿದೆ. ಆ ಕೆಲಸ ಸಿಗದಿದ್ದರೂ ಗುರುವಾರ ಎಂಬುದೊಂದು ಅವನಿಗೆ ಸಿಗುತ್ತದೆ.

ಒಳ್ಳೆಯದನ್ನೇ ಕಲ್ಪಿಸಿಕೊಳ್ಳಿ, ಅದು ತಾನಾಗಿ ನಡೆಯುತ್ತದೆ ಎನ್ನುವ ಭಾಷಣಗಳು ಈಗ ಮೊಬೈಲು ತೆರೆದರೆ ಸಾಕು, ಸಾಲುಗಟ್ಟಿ ಬರುತ್ತವೆ. ಗೇಬ್ರಿಯೆಲೆ ಓಟಿಂಗನ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞೆ ತೂಕ ಇಳಿಸಲು ಸೇರಿದ್ದ ಮಹಿಳೆಯರಲ್ಲಿ ಇದನ್ನು ಪರೀಕ್ಷಿಸಿದ್ದರು. ಇಳಿಸಬಲ್ಲೆ ಎಂದು ನಿರೀಕ್ಷಿಸಿದವರು ಹೆಚ್ಚು ಇಳಿಸಿದರು. ಆದರೆ ತೆಳ್ಳಗಾದ ತಮ್ಮನ್ನೇ ಸಲೀಸಾಗಿ, ಬಣ್ಣಬಣ್ಣವಾಗಿ ಕಲ್ಪಿಸಿಕೊಂಡು ಖುಷಿಪಟ್ಟವರು ಕಡಿಮೆ ಇಳಿಸಿದರು. ಹಗಲುಗನಸು ಆ ಹೊತ್ತಿಗೆ ಹಿತ ಕೊಡುತ್ತದೆ, ಎದ್ದು ನಡೆಯುವ ಅಗತ್ಯವನ್ನು ಮಾತ್ರ ಕಡಿಮೆ ಮಾಡಿಬಿಡುತ್ತದೆ.

ತಲುಪಬೇಕಾದ ಜಾಗವೇ ಮುಚ್ಚಿಹೋದರೆ? ಗುಣವಾಗದ ಕಾಯಿಲೆಯ ಮನೆಯಲ್ಲಿ ಈ ಪ್ರಶ್ನೆ ದಿನವೂ ಇರುತ್ತದೆ. ಬೆಂಗಳೂರಿನ ಕರುಣಾಶ್ರಯದಲ್ಲಿ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಾರೆ. ಉಪಶಾಮಕ ಆರೈಕೆ ಎನ್ನುವ ಈ ಕ್ಷೇತ್ರದಲ್ಲಿ ದುಡಿಯುವವರು ರೋಗಿಗೆ ಸುಳ್ಳು ಆಸೆ ತೋರಿಸುವುದಿಲ್ಲ, 'ಇನ್ನೇನೂ ಮಾಡಲಾಗುವುದಿಲ್ಲ' ಎಂದೂ ಹೇಳುವುದಿಲ್ಲ. ನೋವಿಲ್ಲದ ರಾತ್ರಿ, ಬಾಯಿಗೆ ರುಚಿಸುವ ಎರಡು ತುತ್ತು, ಮಾತು ಬಿಟ್ಟಿದ್ದ ತಮ್ಮನನ್ನು ಒಮ್ಮೆ ಕರೆಸುವುದು, ಇವೂ ತಲುಪಬಹುದಾದ ಜಾಗಗಳೇ. ಭರವಸೆ ಹತ್ತಿರಕ್ಕೆ ಸರಿಯುತ್ತದೆ, ಅಷ್ಟೇ. ರೋಗಿ ಇದನ್ನು ಒಪ್ಪಿಕೊಂಡರೂ ಮಕ್ಕಳು ಒಪ್ಪದೆ ಇನ್ನೊಂದು ಆಸ್ಪತ್ರೆ, ಇನ್ನೊಂದು ಸ್ಕ್ಯಾನ್ ಎಂದು ಅಲೆಯುವುದನ್ನು ನಾವೆಲ್ಲ ನೋಡಿದ್ದೇವೆ.

ದುಡ್ಡಿನ ಮಾತೂ ಆಡಬೇಕು

ಇಷ್ಟನ್ನೂ ಬರೆದ ಮೇಲೆ ಒಂದು ಎಚ್ಚರ. ಬೆಳೆ ಒಣಗಿ, ಕೈಸಾಲದವರು ಮನೆ ಬಾಗಿಲಿಗೆ ಬರುತ್ತಿರುವ ರೈತನಿಗೆ ಬೆಳಗಿನ ವಾಕಿಂಗ್ ಹೇಳಿಕೊಡುವುದು ತಮಾಷೆಯಾಗುತ್ತದೆ. ಅವನ ಸಂಕಟದ ಒಂದು ಭಾಗ ಮನಸ್ಸಿನಲ್ಲಿಲ್ಲ, ಲೆಕ್ಕದ ಪುಸ್ತಕದಲ್ಲಿದೆ. ಇಂಡೊನೇಷ್ಯಾ ಸರ್ಕಾರ 2007ರಿಂದ ಬಡ ಕುಟುಂಬಗಳಿಗೆ ನಗದು ನೆರವು ಕೊಡಲು ಶುರುಮಾಡಿತು. ಅದು ತಲುಪಿದ ಉಪಜಿಲ್ಲೆಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇ 18ರಷ್ಟು ಕಡಿಮೆಯಾಯಿತು ಎಂದು ಅರ್ಥಶಾಸ್ತ್ರಜ್ಞರ ಅಧ್ಯಯನವೊಂದು 2019ರಲ್ಲಿ ತೋರಿಸಿತು. ಆ ಯೋಜನೆಯಲ್ಲಿ ಆಪ್ತಸಲಹೆ ಇರಲಿಲ್ಲ, ದುಡ್ಡು ಇತ್ತು. ಹಾಗಾಗಿ ಬೆಳೆ ವಿಮೆಯ ಅರ್ಜಿ ತುಂಬಲು ನೆರವಾಗುವವರು, ಸೊಸೈಟಿಯಲ್ಲಿ ಸಾಲದ ಕಂತು ಮುಂದೂಡಲು ಮಾತಾಡಿ ಕೊಡುವವರು ಮಾಡುತ್ತಿರುವುದೂ ಮನಸ್ಸಿನ ಆರೈಕೆಯೇ. 'ಎಲ್ಲಾ ನಿನ್ನ ಮನಸ್ಸಿನಲ್ಲೇ ಇದೆ' ಎಂಬ ಮಾತು ನನಗೆ ಇಷ್ಟವಾಗದಿರುವುದು ಇದಕ್ಕೇ. ಎಷ್ಟೋ ಸಲ ಅದು ಮನಸ್ಸಿನಲ್ಲಿ ಇರುವುದಿಲ್ಲ.

ದೇಹದ ಬಗ್ಗೆ ಎರಡೇ ಮಾತು, ಯಾಕೆಂದರೆ ಇದು ಹೆಚ್ಚಿನವರಿಗೆ ಗೊತ್ತಿರುವುದೇ. ರಾತ್ರಿ ನಿದ್ದೆ ಬರಲಿ ಬಿಡಲಿ, ಬೆಳಗ್ಗೆ ಏಳುವ ಹೊತ್ತು ಒಂದೇ ಇರಲಿ, ಎದ್ದ ಕೂಡಲೇ ಸ್ವಲ್ಪ ಹೊತ್ತು ಬಯಲ ಬೆಳಕಿಗೆ ಬನ್ನಿ. ಮಿದುಳಿನೊಳಗಿನ ಗಡಿಯಾರ ಸರಿಹೊಂದುವುದು ಮುಖ್ಯವಾಗಿ ಬೆಳಗಿನ ಬೆಳಕಿನಿಂದ. ಕುಡಿದರೆ ನಿದ್ದೆ ಬರುತ್ತದೆ ಎನ್ನುವವರಿಗೆ: ಬೇಗ ಬರುತ್ತದೆ, ನಡುರಾತ್ರಿಗೆ ಒಡೆಯುತ್ತದೆ, ಮರುದಿನದ ಮಂಕು ಇಮ್ಮಡಿಯಾಗುತ್ತದೆ.

ಕೈಮೀರಿದಾಗ

ದುಃಖ ಕಾಯಿಲೆಯಲ್ಲ. ಆದರೆ ಎರಡು ವಾರಕ್ಕೂ ಮೀರಿ, ದಿನದ ಬಹುಪಾಲು ಮಂಕು ಕವಿದಿದ್ದು, ಯಾವುದರಲ್ಲೂ ಆಸಕ್ತಿ ಇಲ್ಲದೆ, ಊಟ ನಿದ್ದೆ ಕೆಟ್ಟು, ಮಾಮೂಲಿ ಕೆಲಸ ಮಾಡಲಾಗದೆ ಹೋದರೆ ಡಾಕ್ಟರಿಗೆ ತೋರಿಸಬೇಕು. ಸಾಯಬೇಕು ಎಂಬ ಯೋಚನೆ ಬಂದರೆ ಎರಡು ವಾರ ಕಾಯಬಾರದು, ಅವತ್ತೇ ಯಾರಿಗಾದರೂ ಹೇಳಬೇಕು. ಹತ್ತಿರದವರು 'ಸಾಯೋ ಯೋಚನೆ ಬರ್ತಿದ್ಯಾ' ಎಂದು ನೇರವಾಗಿ ಕೇಳಬಹುದು. ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೆ ಎಂಬುದು ತಪ್ಪು ಭಯ. ಕೇಳಿದ ಮೇಲೆ ಅವರನ್ನು ಒಬ್ಬರೇ ಬಿಡಬೇಡಿ, ಮನೆಯಲ್ಲಿರುವ ಕೀಟನಾಶಕವನ್ನೂ ಮಾತ್ರೆಗಳನ್ನೂ ಕೈಗೆ ಸಿಗದ ಕಡೆ ಇಡಿ.

ಔಷಧ ಕೊಟ್ಟರೆ ಒಂದು ಸಂಗತಿ ಗೊತ್ತಿರಲಿ. ಖಿನ್ನತೆಯ ಮಾತ್ರೆ ತಲೆನೋವಿನ ಮಾತ್ರೆಯಂತೆ ಅರ್ಧ ಗಂಟೆಯಲ್ಲಿ ಕೆಲಸ ಮಾಡುವುದಿಲ್ಲ, ಗುಣ ಕಾಣಲು ಎರಡರಿಂದ ಆರು ವಾರ ಹಿಡಿಯುತ್ತದೆ. ಮೊದಲ ವಾರ ಹೊಟ್ಟೆ ತೊಳಸುವುದೇ ಹೆಚ್ಚು. 'ಪ್ರಯೋಜನ ಇಲ್ಲ' ಎಂದು ನಿಲ್ಲಿಸುವ ಬಹಳಷ್ಟು ಜನ ಅದು ಕೆಲಸ ಶುರುಮಾಡುವ ಮೊದಲೇ ನಿಲ್ಲಿಸಿರುತ್ತಾರೆ. ಗುಣವಾಯಿತೆಂದು ತಾವಾಗಿಯೇ ಒಮ್ಮೆಲೇ ಬಿಡುವುದೂ ಸರಿಯಲ್ಲ, ವೈದ್ಯರು ಹೇಳಿದಂತೆ ನಿಧಾನಕ್ಕೆ ಇಳಿಸಬೇಕು.

ಇದಕ್ಕಾಗಿ ಬೆಂಗಳೂರಿಗೇ ಬರಬೇಕೆಂದಿಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯ ವಿಭಾಗ ಇದೆ. ಹಾಗಿರುವುದರ ಹಿಂದೆ ಕರ್ನಾಟಕದ ಪಾಲೂ ಇದೆ: ಹಳ್ಳಿಯ ಆರೋಗ್ಯ ಕೇಂದ್ರದ ವೈದ್ಯರು, ಕಾರ್ಯಕರ್ತರಿಂದಲೇ ಮಾನಸಿಕ ಆರೈಕೆ ಕೊಡಿಸಬಹುದೇ ಎಂದು ನಿಮ್ಹಾನ್ಸ್ 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ನೋಡಿತು. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಅದೇ. ಆಸ್ಪತ್ರೆಗೆ ಹೋಗಲು ಮನಸ್ಸಿಲ್ಲದವರಿಗೆ ಫೋನು ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಫೋನ್ ಮಾಡಿ ಏನೆಂದು ಶುರುಮಾಡಬೇಕೋ ತಿಳಿಯುವುದಿಲ್ಲ ಎಂದು ಬಹಳ ಜನ ಹಿಂಜರಿಯುತ್ತಾರೆ. 'ಎರಡು ವಾರದಿಂದ ಸರಿಯಾಗಿ ನಿದ್ದೆ ಬರ್ತಿಲ್ಲ, ಯಾವುದೂ ಬೇಡ ಅನಿಸ್ತಿದೆ' ಎಂದರೆ ಸಾಕು, ಮುಂದಿನ ಪ್ರಶ್ನೆಗಳನ್ನು ಆ ಕಡೆಯವರೇ ಕೇಳುತ್ತಾರೆ.